ಮೇಡಂ ಕಂಡ ಕಣಗಳು

ನಮ್ಮ ಭೌತಶಾಸ್ತ್ರದ ಮೇಡಂ ಸಾರವಾಡದಿಂದ ದಿನಾ ಬಸ್ಸಿನಲ್ಲಿ ವಿಜಯಪುರದ ಕಾಲೇಜಿಗೆ ಬರುತ್ತಿದ್ದರು. ಮಳೆಮೋಡಗಳಿಗಿಂತ ಬಹಳ ಮೇಲೆ, ವಾಯುಮಂಡಲದಲ್ಲಿ ತೇಲುವ ಸೂಕ್ಷ್ಮ ಕಣಗಳನ್ನು ಉಪಗ್ರಹದ ಅಂಕಿಗಳಿಂದ ಅಳೆಯುವುದು ಅವರ ಸಂಶೋಧನೆ. ಆ ಕಣಗಳು ಸೂರ್ಯನ ಬೆಳಕನ್ನು ಹೇಗೆ ಮಂಕಾಗಿಸುತ್ತವೆ ಎಂಬುದನ್ನು ಕಿಟಕಿಗೆ ಕೈ ಅಡ್ಡ ಹಿಡಿದು, ಬೆರಳ ಸಂದಿಯಿಂದ ಬೆಳಕು ಬಿಟ್ಟು ತೋರಿಸುತ್ತಿದ್ದರು. "ಮೊದಲ ಅನುಮಾನ ಪಡ್ರಿ, ಆಮ್ಯಾಲ ಖುಷಿ ಪಡ್ರಿ" ಎಂಬುದು ಅವರ ಮಾತು.

ಮೂರು ವರ್ಷ ದುಡಿದು ಬರೆದ ಪ್ರಬಂಧವನ್ನು ಅವರು ವಿಜ್ಞಾನಿಗಳ ಸಭೆಯಲ್ಲಿ ಮಂಡಿಸುವ ಹಿಂದಿನ ದಿನ, ಅವರು ಹೇಳಿದಂತೆ ಅಂಕಿಗಳನ್ನು ತಾಳೆ ನೋಡುತ್ತಿದ್ದಾಗ, ಅದರಲ್ಲೊಂದು ತಪ್ಪು ನನ್ನ ಕಣ್ಣಿಗೆ ಬಿತ್ತು. ಎತ್ತರದ ತೆಳು ಮೋಡಗಳೂ ಕಣಗಳೆಂದೇ ಲೆಕ್ಕದಲ್ಲಿ ಸೇರಿಹೋಗಿದ್ದವು. ಹೆದರುತ್ತಲೇ ಹೇಳಿದೆ.

ಮೇಡಂ ಕಂಪ್ಯೂಟರ್ ಪರದೆಯ ಮೇಲೆ ಆ ಅಂಕಿಗಳನ್ನು ಒಂದೊಂದಾಗಿ ನೋಡಿದರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ ಎದ್ದು ತಮ್ಮ ಕುರ್ಚಿಯನ್ನು ನನ್ನತ್ತ ಸರಿಸಿದರು.

"ಇಲ್ಲಿ ಕುಂದ್ರವಾ. ಎಲ್ಲೆಲ್ಲಿ ತಪ್ಪೇನಿ, ಎಲ್ಲಾ ತೋರಸು."

"ಮತ್ತ ನಾಳಿನ ಸಭಾ, ಮೇಡಂರಿ?"

"ಹೋಗ್ತೇನಿ. ತಪ್ಪಿದ್ದನ್ನ ಹೇಳಿ ಬರ್ತೇನಿ."

ಮರುದಿನ ತುಂಬಿದ ಸಭೆಯಲ್ಲಿ ಅವರು ಹಾಗೇ ಹೇಳಿದರು. ಕೊನೆಗೆ, ತಪ್ಪು ಹಿಡಿದವಳು ಈಕೆ ಎಂದು ಹಿಂದಿನ ಸಾಲಿನಲ್ಲಿದ್ದ ನನ್ನನ್ನು ಎಬ್ಬಿಸಿ ನಿಲ್ಲಿಸಿ, ಮೊದಲ ಚಪ್ಪಾಳೆಯನ್ನು ತಾವೇ ತಟ್ಟಿದರು.