ಶನಿಯನ್ನು ಎಷ್ಟು ದೊಡ್ಡದು ಮಾಡಬೇಕು

ಮೊನ್ನೆ ಜಯನಗರದ ಆಟಿಕೆ ಅಂಗಡಿಯೊಂದರ ಗಾಜಿನ ಹಿಂದೆ ಟೆಲಿಸ್ಕೋಪಿನ ಪೆಟ್ಟಿಗೆ ಕಂಡಿತು. ಅದರ ಮೇಲೆ ಬಳೆ ತೊಟ್ಟ ಶನಿಯ ಚಿತ್ರ, ಪಕ್ಕದಲ್ಲೇ ಆರುನೂರು ಪಟ್ಟು ದೊಡ್ಡದಾಗಿ ತೋರಿಸುವ ಭರವಸೆ. ನೀವು ನಂಬಬೇಡಿ. ನಾನು ಒಮ್ಮೆ ನಂಬಿದ್ದೆ. ಮಿಕ್ಸಿ ಕೊಳ್ಳುವಾಗಲೂ ದೊಡ್ಡ ಮೋಟರಿನದ್ದೇ ಕೇಳುವ ಜಾಣ ನಾನು.

ತೊಂಬತ್ತರ ದಶಕದ ಕೊನೆ. ಅಕ್ಕ, ಭಾವ ಜೆ.ಪಿ. ನಗರದಲ್ಲಿದ್ದರು. ನಾನು ಬಿಟಿಎಂನ ಬಾಡಿಗೆ ರೂಮಿನಿಂದ ಭಾನುವಾರದ ಊಟಕ್ಕೆ ಹೋಗಿ, ಮಾರನೆಯ ದಿನಕ್ಕೂ ಹುಳಿ ಕಟ್ಟಿಸಿಕೊಂಡು ಬರುತ್ತಿದ್ದೆ. ಅಕ್ಕ ಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಪ್ರತಿ ವರ್ಷ ಬೋರ್ಡಿನ ಮೇಲೆ ಶನಿಯನ್ನು ಬರೆಯುತ್ತಿದ್ದಳು, ಕಣ್ಣಾರೆ ಕಂಡಿರಲಿಲ್ಲ. ನಲವತ್ತು ತುಂಬುವ ಮೊದಲೇ ಅವಳ ನೋಟದ ನಟ್ಟನಡುವೆ ಮಬ್ಬು ಕವಿಯಿತು. ಇದಕ್ಕೆ ಔಷಧಿಯಿಲ್ಲ ಎಂದರು ಡಾಕ್ಟರು. ಮಕ್ಕಳ ನೋಟ್ಸು ತಿದ್ದಲಾಗದೆ ಕೆಲಸ ಬಿಟ್ಟಳು. ಓದಲು ಭೂತಗನ್ನಡಿ ಬಂತು. ಆಮೇಲೆ ಇನ್ನೂ ದಪ್ಪದ್ದು.

ಭಾವ ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದರು. ಕೆಟ್ಟದ್ದು ಯಾವುದಾದರೂ ಸರಿಹೋಗಲೇಬೇಕು ಎನ್ನುವ ಮನುಷ್ಯ.

"ದೊಡ್ಡದು ಮಾಡಿದ್ರೆ ಅಕ್ಷರ ಕಾಣತ್ತೆ ಅಂದ್ಮೇಲೆ ಶನೀನೂ ಕಾಣ್ಬೇಕಲ್ವೇನಯ್ಯಾ?" ಎಂದು ನನ್ನನ್ನು ಕೇಳಿದರು.

"ಖಂಡಿತ ಭಾವ" ಎಂದೆ, ಏನೂ ತಿಳಿಯದೆ.

ಕೆಲವು ವಾರಗಳಲ್ಲೇ ತಾರಸಿಯ ಮೇಲೆ ಒಂದು ಹಳೆಯ ಟೆಲಿಸ್ಕೋಪ್ ನಿಂತಿತು. ಕಣ್ಣಿಡುವ ತುದಿಗೆ ಸಿಕ್ಕಿಸುವ ಪುಟ್ಟ ಮಸೂರಗಳೂ ಒಂದು ಡಬ್ಬಿಯಲ್ಲಿ ಜೊತೆಗಿದ್ದವು. ಒಂದೊಂದಕ್ಕೂ ಗ್ರಹ ಒಂದೊಂದು ಗಾತ್ರ. ಮುಸ್ಸಂಜೆಗೆ ಅಕ್ಕ ಮೆಟ್ಟಿಲು ತಡಕುತ್ತ ಬಂದಳು. "ಶನಿ ದೃಷ್ಟಿ ಬೀಳ್ಬಾರ್ದು ಅಂತಾರೆ ಜನ. ನಂಗೆ ನನ್ನ ದೃಷ್ಟಿ ಅದರ ಮೇಲೆ ಬಿದ್ರೆ ಸಾಕು" ಎಂದು ನಕ್ಕಳು. ಅವಳು ಹಾಗೆ ನಕ್ಕು ಬಹಳ ದಿನವಾಗಿತ್ತು.

ಮೊದಲ ಮಸೂರದಲ್ಲಿ ಕಣ್ಣಿಟ್ಟು, "ಏನೋ ಮಿಣಕ್ ಅಂತು ರೀ. ಹಿಡಿಯೋದ್ರೊಳಗೆ ಹೋಯ್ತು" ಎಂದಳು. ಭಾವ ಅದಕ್ಕಿಂತ ಹೆಚ್ಚು ಶಕ್ತಿಯದ್ದು ಹಾಕಿದರು. ಅವಳಿಗೆ ಬರೀ ಮಬ್ಬು ಬೆಳಕು. ಎಲ್ಲಕ್ಕಿಂತ ದೊಡ್ಡದಾಗಿ ತೋರಿಸುವುದನ್ನು ಹಾಕಿದಾಗ, "ಕತ್ತಲೆ ಕಣ್ರೀ" ಎಂದಳು.

ಆಮೇಲೆ ಎಷ್ಟೋ ಓದಿಕೊಂಡ ಮೇಲೆ ನನಗೆ ಅರ್ಥವಾದದ್ದಿಷ್ಟು: ಟೆಲಿಸ್ಕೋಪಿನ ಮುಂದಿನ ಗಾಜು ಹಿಡಿದಷ್ಟೇ ಬೆಳಕು. ಹಿಗ್ಗಿಸಿದಷ್ಟೂ ಅದು ತೆಳುವಾಗುತ್ತದೆ, ನೆಂಟರು ಬಂದಾಗ ಸಾರಿಗೆ ನೀರು ಬೆರೆಸಿದ ಹಾಗೆ. ಬಿಸಿಲಿಗೆ ಕಾದ ಊರಿನ ಗಾಳಿಯ ನಡುಕವೂ ಗ್ರಹದ ಜೊತೆಗೇ ದೊಡ್ಡದಾಗುತ್ತದೆ. ಅಕ್ಕನಿಗೆ ದೊಡ್ಡದೂ ಬೇಕಿತ್ತು, ಬೆಳಕೂ ಬೇಕಿತ್ತು. ಎರಡನ್ನೂ ಒಟ್ಟಿಗೆ ಕೊಡುವ ಮಸೂರ ಆ ಡಬ್ಬಿಯಲ್ಲಿರಲಿಲ್ಲ.

ಭಾವ ಮತ್ತೆ ನಡುವಿನದನ್ನು ಹಾಕಿದರು. ನಾನು ಇಣುಕಿದೆ. ಸಾಸಿವೆಯಷ್ಟು ಶನಿ, ಸುತ್ತ ಚೊಕ್ಕವಾದ ಬಳೆ. ಮೈ ಜುಮ್ಮೆಂದಿತು. "ಇದೇ ಸರಿಯಾದ್ದು ಭಾವ!" ಎಂದು ಕೂಗಿದೆ.

"ಯಾರಿಗೆ?" ಎಂದರು ಭಾವ.

ಅಕ್ಕ ಸೆರಗು ಸರಿಪಡಿಸಿಕೊಂಡಳು. "ಸಾಕು ಬನ್ನಿ, ಅನ್ನ ಆರೋಗತ್ತೆ" ಎಂದು ಗೋಡೆ ಹಿಡಿದು ಇಳಿದುಹೋದಳು. ಭಾವ ಅಲ್ಲೇ ಕೂತು ಒಂದೊಂದೇ ಮಸೂರವನ್ನು ಅಂಗಿಯ ತುದಿಯಿಂದ ಒರೆಸುತ್ತಿದ್ದರು, ಕೊಳೆಯೇ ಕಾರಣವೇನೋ ಎಂಬಂತೆ. ಮುಂದಿನ ಭಾನುವಾರವೂ ಕರೆದರು, ಅದರ ಮುಂದಿನ ಭಾನುವಾರವೂ. ಅಕ್ಕ ಮತ್ತೆ ತಾರಸಿ ಹತ್ತಲಿಲ್ಲ.

ಅಂಗಡಿಯಿಂದ ಮೊನ್ನೆ ನೇರ ಅವಳ ಮನೆಗೇ ಹೋದೆ. ಭಾವ ಒಳಗೆ ಕಾಫಿ ಬೆರೆಸುತ್ತಿದ್ದರು. ಅಕ್ಕನಿಗೆ ನೋಟದ ಅಂಚಿನಲ್ಲಿ ಇನ್ನೂ ಸ್ವಲ್ಪ ಉಳಿದಿದೆ. ಎದುರಿನವರ ಮುಖ ಕಾಣಬೇಕೆಂದರೆ ಅವಳು ಪಕ್ಕದ ಗೋಡೆಯತ್ತ ತಿರುಗಬೇಕು. ಹಿಂದೆ ಹಾಗೇ ಮಾಡುತ್ತಿದ್ದಳು. ಮಾತಾಡಿಸಿದರೆ ಮುಖ ತಿರುಗಿಸುತ್ತಾಳೆ ಎಂದು ನೆಂಟರು ಆಡಿಕೊಂಡರು. ಈಗ ಮರ್ಯಾದೆಗೆಂದು ಎಲ್ಲರಿಗೂ ನೇರವಾಗಿ ಮುಖ ಕೊಡುತ್ತಾಳೆ, ಏನೂ ಕಾಣದೆ.

ನಾನು ಸದ್ದಾಗದಂತೆ ಕುರ್ಚಿಯನ್ನು ಪಕ್ಕಕ್ಕೆ ಸರಿಸಿ ಕೂತೆ, ಅವಳ ಕಣ್ಣಿನ ಅಂಚಿಗೆ ಸಿಗುವ ಹಾಗೆ.

"ಊಟ ಆಯ್ತೇನೋ?" ಎಂದಳು.

"ಆಯ್ತಕ್ಕ" ಎಂದೆ.

ನನ್ನ ದನಿ ಎಲ್ಲಿಂದ ಬಂತೆಂದು ಗುರುತಿಸಿ, ಮುಖವನ್ನು ಮತ್ತೆ ನನ್ನ ನೇರಕ್ಕೇ ತಿರುಗಿಸಿದಳು.