ಕೊಂಬೆಗಳ ನಡುವೆ ಮೀನು

ಸುಶೀಲಾಬಾಯಿ ನಿಂತುಕೊಂಡೇ ನಿದ್ದೆ ಮಾಡಬಲ್ಲವರಾಗಿದ್ದರು. ಅಕ್ಕಲಕೋಟದಿಂದ ಸೊಲ್ಲಾಪುರಕ್ಕೆ ಬರುವ ಬೆಳಗಿನ ಎಸ್.ಟಿ. ಬಸ್ಸಿನಲ್ಲಿ ಅವರಿಗೆ ಕೂಡಲು ಜಾಗ ಸಿಗುತ್ತಿದ್ದುದು ಅಪರೂಪ. ಒಂದು ಕೈ ಮೇಲಿನ ಕಂಬಿಗೆ, ಇನ್ನೊಂದರಲ್ಲಿ ಸುರುಳಿ ಸುತ್ತಿದ ಡ್ರಾಯಿಂಗ್ ಹಾಳೆ, ಮುಚ್ಚಿದ ಕಣ್ಣು. ಕುಂಭಾರಿಯಲ್ಲಿ ಬಸ್ಸು ಹತ್ತುವ ನನ್ನ ಗೆಳತಿಯರು ಎಬ್ಬಿಸಿದರೆ, “ನಿದ್ದಿ ಅಲ್ಲವ್ವಾ, ಒಳಗ ನೋಡಾಕತ್ತಿದ್ನಿ” ಎನ್ನುತ್ತಿದ್ದರಂತೆ.

ಅವರು ನಮ್ಮ ಹೆಣ್ಣುಮಕ್ಕಳ ಕನ್ನಡ ಶಾಲೆಯ ಚಿತ್ರಕಲೆಯ ಶಿಕ್ಷಕಿ, ನಮಗೆಲ್ಲ ಬರೀ ‘ಬಾಯಿ’. ಶಾಲೆಯನ್ನು ನಡೆಸುತ್ತಿದ್ದವರು ಸೊಲ್ಲಾಪುರದ ವ್ಯಾಪಾರಸ್ಥರು. ಕಮಿಟಿಯ ಅಧ್ಯಕ್ಷರು ನನ್ನ ಸ್ವಂತ ಕಾಕಾ. ಬಾಯಿಯದು ಹಂಗಾಮಿ ನೌಕರಿ, ಪ್ರತಿ ಜೂನ್ ತಿಂಗಳು ಕಮಿಟಿಯ ಮರ್ಜಿಯಿಂದ ಮುಂದುವರಿಯುವಂಥದ್ದು. ಎಳೆಯ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ಅಣ್ಣನ ಮನೆ ಸೇರಿದ್ದರು. ಆ ಮನೆಯವರಿಗೆಲ್ಲ ರೊಟ್ಟಿ ತಟ್ಟಿಟ್ಟು ಬಸ್ಸು ಹಿಡಿಯುವ ಹೆಂಗಸು ಬಸ್ಸಿನಲ್ಲಿ ನಿದ್ರಿಸದೆ ಇನ್ನೇನು ಮಾಡಬೇಕು?

ತರಬೇತಿಗೆ ಮುಂಬಯಿಗೆ ಹೋಗಿದ್ದಾಗ ಅಲ್ಲಿನ ಫುಟ್‌ಪಾತಿನ ರದ್ದಿ ಪೇಪರಿನವನಿಂದ ಅವರೊಂದು ಚಿತ್ರ ತಂದಿದ್ದರು. ಯಾವುದೋ ಪರದೇಶದ ಕಲಾವಿದನ ವರ್ಣಚಿತ್ರದ ಅಚ್ಚುಪ್ರತಿ. ಹೆಸರಿದ್ದ ಅಂಚನ್ನು ಯಾರೋ ಕತ್ತರಿಸಿದ್ದರು. ಕಪ್ಪು ಸರೋವರದ ನೀರಿನ ಮೇಲೆ ಕಣ್ಣು ಮುಚ್ಚಿ ನಿಂತ ಒಬ್ಬ ಹೆಣ್ಣು. ಅವಳ ಹಿಂದೆ ಎಲೆಯಿಲ್ಲದ ಒಂದು ಮರ, ಅದರ ಕೊಂಬೆಗಳ ನಡುವೆ ಹಕ್ಕಿಗಳಂತೆ ಈಜುವ ಬೆಳ್ಳಿಬಣ್ಣದ ಮೀನುಗಳು. ಚಂದ್ರ ಆಕಾಶದಲ್ಲಿರಲಿಲ್ಲ, ನೀರಿನ ತಳದಲ್ಲಿದ್ದ. ಬಾಯಿ ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಡ್ರಾಯಿಂಗ್ ಕೋಣೆಯಲ್ಲಿ ತೂಗುಹಾಕಿದರು. ನಮ್ಮನ್ನು ಅದರ ಮುಂದೆ ಸುಮ್ಮನೆ ನಿಲ್ಲಿಸುತ್ತಿದ್ದರು. “ಮೊದ್ಲ ನೋಡ್ರಿ. ಹೆಸರ ಆಮ್ಯಾಗ” ಎಂಬುದು ಅವರ ಮಾತು.

ಒಬ್ಬಳು ಕೇಳಿದಳು: “ಬಾಯಿ, ಆಕಿ ಸತ್ತಾಳೇನ್ರಿ?”

“ಇಲ್ಲವಾ. ಕನಸ ಕಾಣಾಕತ್ತಾಳ.”

“ಮತ್ತ ನಾವ್ರಿ?”

“ನಾವು ಆಕಿ ಕನಸಿನ್ಯಾಗ ಹೊಕ್ಕೀವಿ. ಗದ್ದಲ ಮಾಡಬ್ಯಾಡ್ರಿ, ಎಚ್ಚರಾದ್ರ ನಾವೆಲ್ಲಾ ಮಾಯ.”

ನಮ್ಮ ಶಾಲೆಯಲ್ಲಿ ಅಷ್ಟು ಸದ್ದಿಲ್ಲದ ತರಗತಿ ಇನ್ನೊಂದಿರಲಿಲ್ಲ. ಅಂಚಿನವರೆಗೂ ನೋಡುವುದನ್ನು, ಅರ್ಥವಾಗದ್ದಕ್ಕೆ ಹೆದರದಿರುವುದನ್ನು ನಾನು ಕಲಿತದ್ದು ಅಲ್ಲಿ. ಮುಂದೆ ವಿಶ್ವವಿದ್ಯಾಲಯ ಕಲಿಸಿದ್ದೆಲ್ಲ ಅದಕ್ಕೆ ಬರೆದ ಟಿಪ್ಪಣಿ.

ದಸರೆಯ ಸರಸ್ವತಿ ಪೂಜೆಯಂದು ಶಾಲೆಯ ಚಿತ್ರಗಳನ್ನೆಲ್ಲ ಗೋಡೆಯಿಂದಿಳಿಸಿ, ಒರೆಸಿ, ಕುಂಕುಮವಿಟ್ಟು ಸಾಲಾಗಿ ಜೋಡಿಸುವುದು ಪದ್ಧತಿ. ಶಾಲೆಯ ಕಸ ಗುಡಿಸುವ ಮಾವಶಿಗೆ ಗಾಜಿನ ಕಟ್ಟಿನೊಳಗೆ ಇದ್ದದ್ದೆಲ್ಲ ದೇವರೇ. ಆಕೆ ಲಕ್ಷ್ಮಿಗೆ ಇಟ್ಟಂತೆ ಈ ಹೆಣ್ಣಿನ ಹಣೆಗೂ ದುಂಡಗೆ ಕುಂಕುಮವಿಟ್ಟಳು. ಮರುದಿನದಿಂದ ಹುಡುಗಿಯರು ಚಿತ್ರಕ್ಕೆ ಕೈಮುಗಿಯತೊಡಗಿದರು, ಕೆಲವರ ತಾಯಂದಿರು ಹೂವು ತಂದರು. ಬಾಯಿ ಕೆಲವು ದಿನ ನೋಡಿದರು. ಆಮೇಲೆ ಒಂದು ಬೆಳಗ್ಗೆ ತರಗತಿಯೆದುರೇ ಸೆರಗಿನ ತುದಿಯನ್ನು ಒದ್ದೆ ಮಾಡಿ ಆ ಕುಂಕುಮವನ್ನು ಒರೆಸಿಬಿಟ್ಟರು.

ವಿಧವೆಯೊಬ್ಬಳು ಮುತ್ತೈದೆಯ ಹಣೆ ಅಳಿಸಿದಳೆಂದು ಸಂಜೆಯೊಳಗೆ ಪೇಟೆಯೆಲ್ಲ ಮಾತಾಯಿತು. ಆ ಚಿತ್ರದ ಹೆಣ್ಣಿಗೆ ಗಂಡನನ್ನು ಕಟ್ಟಿದವರು ಯಾರು ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯಲ್ಲಿ ಊಟಕ್ಕೆ ಕೂತ ಕಾಕಾ ಅಂದರು: “ತನ್ನ ಕುಂಕುಮ ಅಂತೂ ಅಳಿಸಿತ್ತು. ಈಗ ದೇವಿದೂ ಅಳಿಸಿ ಬಂದ್ಲು.” ಎಲ್ಲರೂ ನಕ್ಕರು.

ಕಮಿಟಿ ದಯೆ ತೋರಿಸಿತು. ಪ್ರಾರ್ಥನೆಯ ಹೊತ್ತಿಗೆ ಎಲ್ಲರ ಮುಂದೆ ಬಾಯಿ “ಇದು ದೇವಿಯೇ, ನನ್ನಿಂದ ತಪ್ಪಾಯಿತು” ಎಂದು ಹೇಳಿದರೆ ನೌಕರಿ ಉಳಿಯುತ್ತದೆ ಎಂದಿತು. ಬಾಯಿ ಅಂಗಳದಲ್ಲಿ ನಮ್ಮೆದುರು ನಿಂತರು. ರಾತ್ರಿಯಿಡೀ ಎಚ್ಚರವಿದ್ದವರ ಮುಖ, ದಣಿದ ದನಿ.

“ಇದು ದೇವಿ ಅಲ್ರಿ. ಯಾರೋ ಒಬ್ಬಾಂವ ಬರದ ಚಿತ್ರ. ನಾ ಗಾಜ ಒರಸೀನಿ, ಯಾರ ಹಣಿನೂ ಒರಸಿಲ್ಲ.”

ಅಷ್ಟೇ. ಅಂದೇ ಅವರನ್ನು ಮನೆಗೆ ಕಳಿಸಿದರು. ಯಾವ ನಿಯಮ, ಯಾವ ವಿಚಾರಣೆ, ಯಾರ ಸಹಿ? ಹಂಗಾಮಿಯವರಿಗೆ ಉತ್ತರ ಕೊಡುವ ಹೊಣೆ ಯಾರಿಗೂ ಇರುವುದಿಲ್ಲ. ಚಿತ್ರವನ್ನು ಮಾತ್ರ ಕಳಿಸಲಿಲ್ಲ. ಅದು ಆಫೀಸಿನ ಗೋಡೆಯಲ್ಲಿನ ದೇವರ ಮಾಡಕ್ಕೆ ಏರಿತು. ಶುಕ್ರವಾರಕ್ಕೊಮ್ಮೆ ಆರತಿ ಶುರುವಾಯಿತು.

ಧಾರವಾಡದಲ್ಲಿ ಎಂ.ಎ. ಮುಗಿಸಿ ಬಂದ ವರ್ಷ ನಾನು ಕಾಕಾನನ್ನು ಅವರ ಅಂಗಡಿಯಲ್ಲೇ, ಗಿರಾಕಿಗಳೆದುರು, ಇದನ್ನೆಲ್ಲ ಕೇಳಿದೆ. ಅವರು ಸಿಟ್ಟಾಗಲಿಲ್ಲ, ಸಿಟ್ಟಾಗಿದ್ದರೆ ವಾದ ಮಾಡಬಹುದಿತ್ತು. “ಶಿಕಲೇಲಿ, ಕಲತಾಕಿ ಆಗಿ ಬಂದೀದಿ, ಛಲೋ ಆತು,” ಎಂದು ಚಹಾ ತರಿಸಿದರು. “ಆದ್ರ ಸಾಲಿ ಮಂದಿ ಮ್ಯಾಲ ನಡೀತೈತಿ ತಂಗಿ, ಪುಸ್ತಕದ ಮ್ಯಾಲ ಅಲ್ಲ.”

ಆ ವಾರವೇ ಅಕ್ಕಲಕೋಟಕ್ಕೆ ಹೋದೆ. ಬಾಯಿ ಅಣ್ಣನ ಮನೆಯ ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದರು. ತೀರ ಇಳಿದುಹೋಗಿದ್ದರು. ನಾನು ಅರ್ಜಿ, ಪತ್ರಿಕೆ, ಕೋರ್ಟು ಎಂದು ಹೇಳುತ್ತಲೇ ಹೋದೆ. ಕಮಿಟಿಯಿಂದ ಕ್ಷಮೆ ಕೇಳಿಸಿಯೇ ತೀರುತ್ತೇನೆ ಎಂದೆ. ಅವರ ಕೈ ಮೊರದಲ್ಲಿ ಆಡುತ್ತಲೇ ಇತ್ತು.

“ಕ್ಷಮಾ ತೊಗೊಂಡು ಎಲ್ಲಿಡ್ಲಿವಾ? ನಾ ದಣದೀನಿ.” ಒಂದು ಕಲ್ಲು ಹೆಕ್ಕಿ ಎಸೆದು ಕೇಳಿದರು, “ಮೀನ ಕಾಣ್ತಾವೇನು ಇನ್ನ?”

“ಇಲ್ರಿ ಬಾಯಿ. ಹೂವಿನ ಮಾಲಿ ಹಾಕ್ಯಾರ. ಆಕಿ ಮಾರಿ ಅಷ್ಟ ಕಾಣತೈತಿ.”

ಮೊರ ನಿಂತಿತು. “ಹಂಗಾದ್ರ ಈಗಿನ ಹುಡಿಗ್ಯಾರು ಏನ ನೋಡ್ತಾರ?”

ಒಳಗಿಂದ ಅತ್ತಿಗೆ ಕರೆದರು. ಬಾಯಿ ಮೊಣಕಾಲಿಗೆ ಕೈ ಊರಿ ಎದ್ದು ಹೋದರು.

ಮುಂದಿನ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಅಣ್ಣನ ಮನೆಯವರನ್ನು ಮಾತಾಡಿಸಲು ಕಮಿಟಿಯವರೆಲ್ಲ ಬಂದಿದ್ದರು. ಕಾಕಾ ಚಾಪೆಯ ಮೇಲೆ ಬಾಯಿಯ ಅಣ್ಣನ ಪಕ್ಕದಲ್ಲಿ ಕೂತು ಅವನ ಕೈ ಹಿಡಿದುಕೊಂಡರು. ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

“ಪುಣ್ಯವಂತಿ. ನಮ್ಮ ಸಾಲಿಗೆ ದೇವಿನ್ನ ತಂದಾಕಿ ಆಕಿನ.”

ಅಣ್ಣ ಕೈಮುಗಿದ. ಬಾಗಿಲ ಬಳಿ ನಿಂತಿದ್ದ ನಾನು, “ಕಾಕಾ, ಬಾಯಿ ತಂದದ್ದು ಚಿತ್ರ” ಎಂದೆ.

ಕಾಕಾ ಅಣ್ಣನ ಬೆನ್ನು ಸವರಿದರು. ಯಾರೋ ಚಹಾದ ಕಪ್ಪುಗಳನ್ನು ಹಂಚುತ್ತ ಬಂದರು. ನನ್ನ ಕೈಗೂ ಒಂದು ಕೊಟ್ಟರು.