ಕೊಟ್ಟು ತರುವ ಸಂಬಂಧ

ನಮ್ಮ ಅಡುಗೆಮನೆಯಲ್ಲಿ ಕಾಯಿತುರಿಯುವ ಮಣೆಯ ಪಕ್ಕದ ಮೊಳೆಗೆ ಒಂದು ಚರ್ಮದ ಗ್ಲೌಸು ನೇತುಹಾಕಿದೆ. ಮನೆಗೆ ಬಂದವರು ಮೊದಲು ಅದನ್ನು ನೋಡುತ್ತಾರೆ, ಆಮೇಲೆ ನನ್ನನ್ನು ನೋಡುತ್ತಾರೆ, ಆಮೇಲೆ ಮೂಗರಳಿಸಿ ಎಲ್ಲೋ ಎಣ್ಣೆಸ್ನಾನದ ವಾಸನೆ ಬರುತ್ತಿದೆಯಲ್ಲ ಎನ್ನುತ್ತಾರೆ. ಅವರ ಮೂಗಿನ ತಪ್ಪಿಲ್ಲ. ಚರ್ಮ ಒಣಗಿ ಬಿರಿಯದಿರಲೆಂದು ಹಚ್ಚುವ ಎಣ್ಣೆಯನ್ನು ಇಲ್ಲಿಯ ಆಟದ ಸಾಮಾನಿನ ಅಂಗಡಿಗಳಲ್ಲಿ ಪುಟ್ಟ ಡಬ್ಬಿಯಲ್ಲಿ ಮಾರುತ್ತಾರಂತೆ. ನಾನು ಮಾತ್ರ ನನ್ನ ತಲೆಗೂ ಅದಕ್ಕೂ ಒಂದೇ ಕೊಬ್ಬರಿ ಎಣ್ಣೆ ಎಂದು ಮೊದಲಿನಿಂದ ನಡೆಸಿಕೊಂಡು ಬಂದವಳು. ನ್ಯೂಜಿಲೆಂಡಿನ ಈ ಹ್ಯಾಮಿಲ್ಟನ್ನಿನ ಚಳಿಗಾಲದಲ್ಲಿ ಆ ಎಣ್ಣೆ ಶೀಶೆಯೊಳಗೆ ಗಟ್ಟಿಯಾಗಿ ಕೂತುಬಿಡುತ್ತದೆ, ಆಗ ಆಟವೂ ಇರುವುದಿಲ್ಲ. ಬೇಸಿಗೆ ಬಂದು ಅದು ತಾನಾಗಿ ಕರಗಿತೆಂದರೆ ನನ್ನ ಅಂಗೈ ತುರಿಸತೊಡಗುತ್ತದೆ. ಪಂಚಾಂಗ ನೋಡದೆಯೇ ನನಗೆ ಋತು ಗೊತ್ತಾಗುವುದು ಹೀಗೆ.

ಆಟದ ಹೆಸರು ಸಾಫ್ಟ್‌ಬಾಲ್. ಬೇಸ್‌ಬಾಲಿನ ತಂಗಿ ಎಂದುಕೊಳ್ಳಿ. ಅಕ್ಕನ ಆಟದಲ್ಲಿ ಚೆಂಡನ್ನು ಭುಜದ ಮೇಲಿನಿಂದ ಬೀಸಿ ಎಸೆಯುತ್ತಾರೆ, ತಂಗಿಯ ಆಟದಲ್ಲಿ ಕೈಯನ್ನು ಸೊಂಟದ ಕೆಳಗಿಳಿಸಿ ತೂರಬೇಕು. ಎಸೆಯುವವರಿಗೆ ಪಿಚರ್ ಎಂದು ಹೆಸರು. ಅವರು ನಾಲ್ಕು ಸಲ ತಪ್ಪು ಜಾಗಕ್ಕೆ ಎಸೆದರೆ ಬ್ಯಾಟು ಹಿಡಿದವರು ಏನೂ ಕಷ್ಟಪಡದೆ ಮೊದಲನೆಯ ನೆಲೆಗೆ ಆರಾಮವಾಗಿ ನಡೆದುಹೋಗುತ್ತಾರೆ. ನನ್ನ ಎಸೆತದಲ್ಲಿ ಹಾಗೆ ನಡೆದುಹೋದವರು ಬಹಳ ಅಪರೂಪ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಏಕೆಂದರೆ ಈ ವಿದ್ಯೆ ನಾನು ಯಾವ ತರಬೇತುದಾರರಿಂದಲೂ ಕಲಿತದ್ದಲ್ಲ. ಮೈಸೂರಿನ ನಮ್ಮ ವಠಾರದ ಅಂಗಳದಲ್ಲಿ ಕುಂಟೆಬಿಲ್ಲೆ ಆಡಿ ಕಲಿತದ್ದು. ಹೆಂಚಿನ ಚೂರನ್ನು ಗೆರೆಗೆ ತಾಗದಂತೆ ಏಳನೆಯ ಮನೆಯಲ್ಲಿ ಕೂರಿಸಬಲ್ಲ ಹುಡುಗಿಗೆ ಚೆಂಡನ್ನು ಒಬ್ಬರ ಮೊಣಕಾಲಿಗೂ ಎದೆಗೂ ನಡುವೆ ಕಳಿಸುವುದು ಯಾವ ಮಹಾ ವಿದ್ಯೆ?

ಈ ದೇಶ ನಮ್ಮವರನ್ನು ಅವರ ಎಂಜಿನಿಯರಿಂಗ್ ಓದು ನೋಡಿ ಕರೆಸಿಕೊಂಡಿತು. ನಾನು ಅರ್ಜಿಯಲ್ಲಿ ‘ಜೊತೆಗೆ ಬರುವವರು’ ಎಂಬ ಸಾಲಿನಲ್ಲಿ ಬಂದೆ. ಬಂದ ಮೇಲೆ ಬಹಳ ವರ್ಷ ನಾನು ಶ್ರೀಧರನ ಹೆಂಡತಿ, ಆಮೇಲೆ ಎಲ್ಲರಿಗೂ ಆಂಟಿ. ಕನ್ನಡದವರೂ ಅವರ ಗೆಳೆಯರೂ ಸೇರಿ ಶನಿವಾರದ ಆಟಕ್ಕೊಂದು ಗಂಡು ಹೆಣ್ಣು ಕೂಡಿದ ತಂಡ ಕಟ್ಟಿ, ನಮ್ಮವರನ್ನು ನಾಯಕರನ್ನಾಗಿ ಮಾಡಿ, ಹೆಂಗಸರ ಸಂಖ್ಯೆ ಸಾಲದೆಂದು ನನ್ನನ್ನು ಎಳೆದುಕೊಂಡು ಹೋದಾಗ ನನಗೆ ನಲವತ್ತು ದಾಟಿತ್ತು. ಅಲ್ಲಿ ಮೈದಾನದ ನಡುವೆ ಸುಣ್ಣದಲ್ಲಿ ಬರೆದ ಒಂದು ಸುತ್ತು; ಅದರೊಳಗೆ ಚೆಂಡು ಹಿಡಿದು ನಿಂತರೆ ನಾನು ಕೈ ಬೀಸುವವರೆಗೆ ಆಟ ಶುರುವಾಗುವಂತಿಲ್ಲ. ಹದಿನೆಂಟು ಜನ, ಅಂಪೈರು, ಬೇಲಿಯಾಚೆಯ ನಾಯಿ, ಎಲ್ಲರೂ ನನಗಾಗಿ ಕಾಯುತ್ತಾರೆ. ಆ ಎರಡು ಕ್ಷಣದ ನಿಶ್ಶಬ್ದದ ರುಚಿ ಹತ್ತಿದ ಮೇಲೆ ನಾನು ಶನಿವಾರಕ್ಕೆಂದೇ ಬದುಕತೊಡಗಿದೆನೆಂದರೆ ನೀವು ನಗಬಾರದು.

ಆರು ಬೇಸಿಗೆ ಹೀಗೆ ಕಳೆದವು. ಏಳನೆಯದರಲ್ಲಿ ಎಡವಟ್ಟಾಯಿತು. ನಮ್ಮ ಎದುರು ಆಡುವ ಇನ್ನೊಂದು ತಂಡದ ಪಿಚರ್, ಕ್ರೈಸ್ಟ್‌ಚರ್ಚಿನಲ್ಲಿ ಭೂಕಂಪಕ್ಕೆ ಬಿದ್ದ ಊರನ್ನು ಮತ್ತೆ ಕಟ್ಟುವ ಕೆಲಸ ಸಿಕ್ಕಿತೆಂದು ಹೊರಟುಹೋದ. ಪಿಚರ್ ಇಲ್ಲದ ಆ ತಂಡ ಒಂದಾದ ಮೇಲೊಂದು ಪಂದ್ಯ ಸೋತು ಮುಚ್ಚುವ ಸ್ಥಿತಿಗೆ ಬಂತು. ಆಗ ಅವರ ನಾಯಕಿ ಟ್ರೇಸಿ ನಮ್ಮವರಿಗೆ ಫೋನು ಮಾಡಿ ನೇರವಾಗಿ ಕೇಳಿದಳು: ನಿಮ್ಮ ಪಿಚರನ್ನು ನಮಗೆ ಕೊಡಿ, ಬದಲಿಗೆ ದೂರ ಹೊಡೆಯುವ ಒಬ್ಬ ಹುಡುಗಿಯನ್ನೂ ಬ್ಯಾಟಿನ ಹಿಂದೆ ಕೂತು ಚೆಂಡು ಹಿಡಿಯುವ ಒಳ್ಳೆಯ ಒಬ್ಬ ಕ್ಯಾಚರನ್ನೂ ಕರೆದುಕೊಳ್ಳಿ. ನಮ್ಮಲ್ಲಿ ಈ ಎರಡಕ್ಕೂ ಬರ. ಮೇಲಾಗಿ ನಮ್ಮ ತಂಡದ ಧಾರವಾಡದ ಪ್ರಕಾಶನ ಮಗಳು ಅನ್ವಿತಾ, ಹದಿನಾರರ ಹುಡುಗಿ, ಪಿಚರ್ ಆಗಲು ತಯಾರಾಗುತ್ತಿದ್ದಳು. ಅವಳ ಚೆಂಡಿನ ವೇಗಕ್ಕೆ ನನ್ನದು ಯಾವ ಸಮವೂ ಅಲ್ಲ. ಅದು ಎಲ್ಲಿಗೆ ಹೋಗುತ್ತದೆಂಬುದು ಮಾತ್ರ ಅವಳಿಗೂ ತಿಳಿಯದು.

ದೊಡ್ಡ ದೊಡ್ಡ ಬೇಸ್‌ಬಾಲ್ ತಂಡಗಳಲ್ಲಿ ಇಂಥ ವಿನಿಮಯ ದಿನನಿತ್ಯದ ಮಾತಂತೆ. ಹೆಸರುವಾಸಿ ಪಿಚರನ್ನು ಕೊಡಬೇಕೋ ಉಳಿಸಿಕೊಳ್ಳಬೇಕೋ ಎಂದು ಊರಿಗೆ ಊರೇ ಜಗಳವಾಡುತ್ತದಂತೆ. ನನಗೆ ನೆನಪಾದದ್ದು ಮಾತ್ರ ನಮ್ಮ ಕಡೆಯ ಕೊಟ್ಟು ತರುವ ಸಂಬಂಧ. ಈ ಮನೆಯ ಹೆಣ್ಣನ್ನು ಆ ಮನೆಗೆ ಕೊಟ್ಟು, ಆ ಮನೆಯದನ್ನು ಈ ಮನೆಗೆ ತಂದು, ಎರಡೂ ಕಡೆಯ ಹಿರಿಯರು ಎಲೆ ಅಡಿಕೆ ಹಾಕಿಕೊಂಡು ಸಮಾಧಾನಪಡುವ ಆ ಹಳೆಯ ಲೆಕ್ಕಾಚಾರ. ಹೆಣ್ಣುಮಕ್ಕಳು ಆ ಹೊತ್ತಿನಲ್ಲಿ ಒಳಗೆ ಅಡುಗೆಮನೆಯಲ್ಲಿರುತ್ತಾರೆ.

ನಾನೂ ಅಡುಗೆಮನೆಯಲ್ಲೇ ಇದ್ದೆ. ಭಾನುವಾರ ಮಧ್ಯಾಹ್ನ ತಂಡದವರು ನಮ್ಮ ಮನೆಯ ಹಿಂದಿನ ಮರದ ಜಗಲಿ, ಡೆಕ್ಕಿನ ಮೇಲೆ ಸೇರಿದ್ದರು. ನಾನು ಬಿಸಿಬೇಳೆಬಾತು ತಿರುವುತ್ತಿದ್ದೆ. ನನಗೆ ಕೇಳಬಾರದೆಂದು ಗಾಜಿನ ಬಾಗಿಲನ್ನು ಎಳೆದುಕೊಂಡಿದ್ದ ಪುಣ್ಯಾತ್ಮರು ಸಿಂಕಿನ ಮೇಲಿನ ಕಿಟಕಿಯನ್ನು ಮರೆತಿದ್ದರು. ಮೊದಲು ಪ್ರಕಾಶನ ದನಿ ಕೇಳಿತು.

“ಅಕ್ಕಾರನ್ನ ಕೊಟ್ಟಬಿಟ್ರ ನಮ್ಮ ಊಟದ ಗತಿ ಏನ್ರೀ? ಮ್ಯಾಚ್ ಹೋದ್ರ ಹೋತು, ಬಿಸಿಬ್ಯಾಳಿ ಭಾತ್ ಹೋಗಬಾರದು.”

ಎಲ್ಲರೂ ನಕ್ಕರು, ನಾನೂ ನಕ್ಕೆ. ಆಮೇಲೆ ಒಬ್ಬೊಬ್ಬರೂ ನನ್ನನ್ನು ಉಳಿಸಿಕೊಳ್ಳಲು ಕಾರಣ ಕೊಟ್ಟರು. ಪಾಪ, ಆಂಟಿ ಬೇಜಾರು ಮಾಡಿಕೊಳ್ಳುತ್ತಾರೆ. ದೊಡ್ಡವರು, ಈ ವಯಸ್ಸಿನಲ್ಲಿ ಹೊಸಬರ ಜೊತೆ ಹೇಗೆ ಹೊಂದಿಕೊಂಡಾರು? ಮಕ್ಕಳಿಗೆಲ್ಲ ಅವರೆಂದರೆ ಅಭ್ಯಾಸವಾಗಿದೆ. ನನ್ನ ಎದೆ ತುಂಬಿ ಬಂತು. ಅಷ್ಟರಲ್ಲಿ ನನ್ನನ್ನು ಅಗ್ನಿಸಾಕ್ಷಿಯಾಗಿ ಕೈಹಿಡಿದ ಮಹಾನುಭಾವರು ಗಂಟಲು ಸರಿಮಾಡಿಕೊಂಡರು.

“ಕೊಡೋಣ” ಎಂದರು. “ಗಿರಿಜಾ ಎಸೆದ್ರೆ ಬಾಲ್ ಎಲ್ಲಿಗೆ ಹೋಗ್ಬೇಕೋ ಅಲ್ಲಿಗೇ ಹೋಗತ್ತೆ. ಅಂಥವರು ಒಬ್ರು ಸಿಕ್ಕಿದ್ರೆ ಆ ಟೀಮ್ ಬದುಕ್ಕೊಳತ್ತೆ. ಇಲ್ಲಿ ಇವತ್ತಲ್ಲ ನಾಳೆ ಅನ್ವಿತಾ ಬರ್ತಾಳೆ, ಬರ್ಲೇಬೇಕು. ಆಮೇಲೆ ಇವಳನ್ನ ಬೆಂಚ್ ಮೇಲೆ ಕೂರಿಸಿ ಕಿತ್ತಳೆ ಹಣ್ಣು ಹೆಚ್ಚು ಅಂತೀರಾ?”

ಒಗ್ಗರಣೆಗೆ ಆ ದಿನ ಮೆಣಸಿನಕಾಯಿ ನಾಲ್ಕು ಹೆಚ್ಚೇ ಬಿತ್ತು. ಹೊರಗೆ ಕೈ ಎತ್ತಿಸಿ ನೋಡಿದರೆ ಅರ್ಧಕ್ಕರ್ಧ. ಕೊನೆಗೆ, ಟ್ರೇಸಿ ಒಮ್ಮೆ ಬಂದು ಎಸೆತ ನೋಡಿಕೊಂಡು ಹೋಗಲಿ, ಆಮೇಲೆ ಯೋಚಿಸೋಣ ಎಂದು ತೀರ್ಮಾನವಾಯಿತು. ಎಲ್ಲರೂ ಕಣ್ಣಲ್ಲಿ ಮೂಗಲ್ಲಿ ನೀರು ಸುರಿಸುತ್ತ ಎರಡೆರಡು ಸಲ ಬಡಿಸಿಕೊಂಡು ಉಂಡರು.

ಮೂರು ದಿನ ನಾನು ನಮ್ಮವರೊಡನೆ ಹೂಂ, ಉಹೂಂಗಳಲ್ಲೇ ಸಂಸಾರ ಮಾಡಿದೆ. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎಂಬ ಗಾದೆಯನ್ನು ಪಾತ್ರೆ ಉಜ್ಜುವಾಗ ಎರಡು ಸಲ ಸ್ವಲ್ಪ ಜೋರಾಗಿಯೇ ಹೇಳಿದೆ. ಅವರು ಯಾವ ಗಾದೆ ಎಂದು ಕೇಳಲಿಲ್ಲ, ಬುದ್ಧಿವಂತರು. ನಾಲ್ಕನೆಯ ದಿನ ಬೆಳಿಗ್ಗೆ, ಕೋಪವಿದ್ದರೂ ಅಭ್ಯಾಸಬಲದಿಂದ ಗ್ಲೌಸನ್ನು ಮಡಿಲಲ್ಲಿಟ್ಟುಕೊಂಡು ಎಣ್ಣೆ ತಿಕ್ಕುತ್ತಿದ್ದಾಗ ಒಂದು ವಿಷಯ ಹೊಳೆಯಿತು, ಕೈ ಅಲ್ಲಿಗೇ ನಿಂತಿತು. ಉಳಿಸಿಕೊಳ್ಳೋಣ ಎಂದವರಲ್ಲಿ ಒಬ್ಬರೂ ನನ್ನ ಎಸೆತದ ಸುದ್ದಿ ಎತ್ತಿರಲಿಲ್ಲ. ಅವರು ಪ್ರೀತಿಯಿಂದ ಲೆಕ್ಕ ಹಿಡಿದದ್ದು ನನ್ನ ಅಡುಗೆ, ನನ್ನ ವಯಸ್ಸು, ನನ್ನ ಬೇಜಾರು. ಕೊಟ್ಟುಬಿಡೋಣ ಎಂದ ಒಬ್ಬರೇ ನನ್ನ ಕೈಯ ಬೆಲೆ ಹೇಳಿದ್ದರು. ಮನೆಯವರು ನಮ್ಮನ್ನು ಬಿಟ್ಟುಕೊಡದಿರುವುದು ಬಹಳ ಸಲ ಅಕ್ಕರೆಯಿಂದ, ಮತ್ತು ಅಕ್ಕರೆಗೆ ನಾವು ಯಾವುದರಲ್ಲಿ ಗಟ್ಟಿಗರು ಎಂಬುದು ಅಷ್ಟಾಗಿ ಬೇಕಾಗುವುದಿಲ್ಲ. ಮೂಲೆಯ ಹಿತ್ತಾಳೆ ಹಂಡೆಯನ್ನು ನಾವು ಮಾರದೆ ಇಟ್ಟುಕೊಳ್ಳುವುದಿಲ್ಲವೇ, ಹಾಗೆ. ಪ್ರಕಾಶನ ಮೇಲೆ ನನಗೆ ಇದಕ್ಕಾಗಿ ಕೋಪವಿಲ್ಲ. ಹಂಡೆಯನ್ನೂ ಜನ ದೀಪಾವಳಿಗೊಮ್ಮೆ ಹುಳಿ ಹಚ್ಚಿ ತಿಕ್ಕುತ್ತಾರೆ, ಪ್ರೀತಿಯೇ ಅದು. ಆದರೂ ಯಾರೋ ಗುರುತಿಲ್ಲದವರು, ನನ್ನ ಸಾರಿನ ರುಚಿ ನೋಡದವರು, ನನ್ನ ಕೈಯೇ ಬೇಕೆಂದು ಕೇಳುತ್ತಿದ್ದಾರೆಂದರೆ ಒಳಗೆಲ್ಲೋ ಹಿತವಾಗುತ್ತದೆ. ಈ ಆಸೆ ನನಗಿದೆಯೆಂದು ನನಗೇ ಅದುವರೆಗೆ ಗೊತ್ತಿರಲಿಲ್ಲ.

ಟ್ರೇಸಿ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬರುವವಳಿದ್ದಳು. ನಾನು ಎದ್ದು ಸ್ನಾನ ಮಾಡಿ, ರವೆ ಹುರಿದು, ಒಂದು ಕಡೆ ಉಪ್ಪಿಟ್ಟು ಇನ್ನೊಂದು ಕಡೆ ಕೇಸರಿಬಾತು ಮಾಡಿಟ್ಟೆ. ಯಾರೂ ಹೇಳಿರಲಿಲ್ಲ. ನೋಡಲು ಬರುತ್ತಾರೆ ಎಂದ ಕೂಡಲೆ ಕೈ ತಾನಾಗಿ ರವೆ ಡಬ್ಬಿಗೆ ಹೋಗಿತ್ತು. ಮೇಜಿನ ಮೇಲಿನ ತಟ್ಟೆಗಳನ್ನು ನೋಡಿ ನಮ್ಮವರು ಗಕ್ಕನೆ ನಿಂತರು. ಅವರಿಗೂ ನೆನಪಾಗಿರಬೇಕು. ಇಪ್ಪತ್ತನಾಲ್ಕು ವರ್ಷದ ಹಿಂದೆ ಮೈಸೂರಿನ ವಠಾರಕ್ಕೆ ನನ್ನನ್ನು ನೋಡಲು ಬಂದ ದಿನ ಇದೇ ಉಪ್ಪಿಟ್ಟು, ಇದೇ ಕೇಸರಿಬಾತು. ಇವರು ಕೇಸರಿಬಾತನ್ನು ಎರಡನೆಯ ಸಲ ಹಾಕಿಸಿಕೊಂಡದ್ದೇ ನಮ್ಮ ಅಮ್ಮನಿಗೆ ಶುಭಶಕುನವಾಗಿ ಕಂಡಿತ್ತು.

ಟ್ರೇಸಿ ಯೂಟ್ ಎಂಬ ಇಲ್ಲಿಯ ಪುಟ್ಟ ಟ್ರಕ್ಕಿನ ಹಿಂದೆ ಒಂದು ನಾಯಿಯನ್ನೂ ನಾಲ್ಕು ಬ್ಯಾಟುಗಳನ್ನೂ ಹಾಕಿಕೊಂಡು ಬಂದಳು. ಹಾಲಿನ ಕಾರ್ಖಾನೆಯಲ್ಲಿ ಕೆಲಸ ಮಾಡುವ, ನನಗಿಂತ ಹತ್ತು ವರ್ಷ ಚಿಕ್ಕವಳಾದ ಗಟ್ಟಿಮುಟ್ಟಾದ ಹೆಂಗಸು. ಕೇಸರಿಬಾತನ್ನು ಅವಳೂ ಎರಡು ಸಲ ಹಾಕಿಸಿಕೊಂಡಳು. ಹಾಡು ಹೇಳಮ್ಮ ಎನ್ನಲಿಲ್ಲ. ಹಿತ್ತಲಿಗೆ ಹೋಗಿ ಬಟ್ಟೆ ಒಣಹಾಕುವ ಕಂಬದ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಗ್ಲೌಸನ್ನು ಒಡ್ಡಿದಳು. ನಾನು ಹತ್ತು ಸಲ ಎಸೆದೆ. ಒಂಬತ್ತು ಸಲ ಅವಳು ಗ್ಲೌಸನ್ನು ಅಲ್ಲಾಡಿಸಬೇಕಾಗಲಿಲ್ಲ. ಹತ್ತನೆಯದು ನಿಂಬೆ ಗಿಡದ ಕಡೆಗೆ ವಾಲಿತು, ಅದಕ್ಕೆ ಒಗೆದು ಹರವಿದ್ದ ಪಂಚೆ ಗಾಳಿಗೆ ಹಾರಿದ್ದು ಕಾರಣ.

ಅವಳು ಎದ್ದು ಮೊಣಕಾಲು ಕೊಡವಿಕೊಂಡಳು. ನಮ್ಮವರು ಉತ್ತರ ಕೊಡಲು ಸಿದ್ಧರಾಗಿ ಒಂದು ಹೆಜ್ಜೆ ಮುಂದೆ ಬಂದರು. ಅವಳು ಅವರತ್ತ ನೋಡಲೂ ಇಲ್ಲ. ನನ್ನ ಮುಖ ನೋಡಿ ಕೇಳಿದಳು: ನಮ್ಮ ತಂಡಕ್ಕೆ ಬರಲು ನಿಮಗೆ ಇಷ್ಟವಿದೆಯೇ?

ಗೆಳೆಯರೇ, ಎಷ್ಟು ಚಿಕ್ಕ ಪ್ರಶ್ನೆ! ಡೆಕ್ಕಿನ ಮೇಲೆ ಎರಡು ಗಂಟೆ ನಡೆದ ಚರ್ಚೆಯಲ್ಲಿ ಅದು ಯಾರ ಬಾಯಿಂದಲೂ ಬಂದಿರಲಿಲ್ಲ. ಕಿಟಕಿಯ ಈಚೆ ನಿಂತು ಕೇಳುತ್ತಿದ್ದ ನನಗೂ ಅದು ಬಿಟ್ಟುಹೋಗಿದೆ ಎನಿಸಿರಲಿಲ್ಲ. ಮೈಸೂರಿನಲ್ಲಿ ಅಷ್ಟು ವರ್ಷದ ಹಿಂದೆ, ಐದು ಜನ ಬಂದು, ಹಾಡು ಕೇಳಿ, ಅಡುಗೆ ವಿಚಾರಿಸಿ, ವಾರದೊಳಗೆ ಒಪ್ಪಿಗೆ ಎಂದು ಕಾಗದ ಬರೆದಾಗಲೂ ಮನೆಯೆಲ್ಲ ಸಂಭ್ರಮಪಟ್ಟಿತ್ತೇ ಹೊರತು ಒಪ್ಪಿದವರು ಯಾರು ಎಂದು ಯಾರೂ ಕೇಳಿರಲಿಲ್ಲ. ಬರುತ್ತೇನೆ ಎಂದು ಮನಸ್ಸು ಆಗಲೇ ಕುಣಿಯುತ್ತಿತ್ತು. ಆದರೂ ಟ್ರೇಸಿಗೆ ನಾಳೆ ಹೇಳುತ್ತೇನೆ ಎಂದೆ. ನನ್ನ ಒಪ್ಪಿಗೆಗಾಗಿ ಜನ ಒಂದು ದಿನವಾದರೂ ಕಾಯಲಿ ಎಂಬ ಚಪಲ.

ಅವಳು ಹೋದ ಮೇಲೆ ನಮ್ಮವರು ತಾವಾಗಿ ತಟ್ಟೆ ತೊಳೆಯಲು ನಿಂತರು. ನಲ್ಲಿ ಬಿಟ್ಟುಕೊಂಡು, ನನ್ನ ಕಡೆ ಬೆನ್ನು ಹಾಕಿಕೊಂಡೇ ಹೇಳಿದರು.

“ಅವತ್ತು ಮೈಸೂರಲ್ಲೂ ನಾನು ನಿನ್ನ ಕೇಳ್ಲಿಲ್ಲ ಅಲ್ವಾ?”

“ಇಲ್ಲ.”

“ಈಗ ಕೇಳ್ಬೋದಾ?”

“ಕೇಳಿ. ಉತ್ತರ ಮಾತ್ರ ಯೋಚ್ನೆ ಮಾಡಿ ಹೇಳ್ತೀನಿ, ರೀ. ಅವಸರ ಏನಿದೆ?”

ಅವರು ನಗುತ್ತಾರೆಂದುಕೊಂಡಿದ್ದೆ. ನಗಲಿಲ್ಲ. ಅದೇ ತಟ್ಟೆಯನ್ನು ಮೂರನೆಯ ಸಲ ತೊಳೆದರು.

ಟ್ರೇಸಿಗೆ ಮಾತ್ರ ಮಾರನೆಯ ದಿನವೇ ಬರುತ್ತೇನೆಂದು ಹೇಳಿದೆ. ನಾನೇ ಹೊರಟು ನಿಂತ ಮೇಲೆ ನಮ್ಮ ತಂಡದವರೂ ಒಪ್ಪಿದರು; ದೂರ ಹೊಡೆಯುವ ಅವಳ ಹುಡುಗಿ, ಅವಳ ಕ್ಯಾಚರು ನಮ್ಮವರ ಪಾಲಾದರು. ನಾನು ಹಸಿರು ಅಂಗಿ ಹಾಕಿಕೊಂಡು ಹೊಸ ಮನೆ ಹೊಕ್ಕೆ. ಅಲ್ಲಿ ನನ್ನನ್ನು ಯಾರೂ ಆಂಟಿ ಎನ್ನುವುದಿಲ್ಲ, ಗಿರಿಜಾ ಎಂದು ಮೈದಾನದ ಆ ತುದಿಯಿಂದ ಕೂಗುತ್ತಾರೆ, ಅದೂ ತಪ್ಪು ತಪ್ಪಾಗಿ. ಸಂಬಂಧ ಕಳೆಯಿತೆಂದು ನಾನೂ ಹೆದರಿದ್ದೆ, ಕಳೆಯಲಿಲ್ಲ. ಬಿಸಿಬೇಳೆಬಾತು ಈಗ ಎರಡು ತಂಡಕ್ಕೆ ಆಗುವಷ್ಟು ಮಾಡುತ್ತೇನೆ. ಗುರುವಾರ ಸಂಜೆ ಅನ್ವಿತಾ ನಮ್ಮ ಮನೆಗೆ ಬರುತ್ತಾಳೆ; ಕಾರು ನಿಲ್ಲಿಸುವ ಜಾಗದಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆದು, ಒಡೆದ ಹೂಕುಂಡದ ಚೂರು ಕೈಗೆ ಕೊಟ್ಟಿದ್ದೇನೆ. ಏಳನೆಯ ಮನೆ ಇನ್ನೂ ಅವಳಿಗೆ ಒಲಿದಿಲ್ಲ. ಪ್ರತಿಪಕ್ಷದವರಿಗೆ ಗುಟ್ಟು ಹೇಳಿಕೊಡುತ್ತೀಯಲ್ಲ ಎಂದು ಟ್ರೇಸಿ ಗದರುತ್ತಾಳೆ, ತವರಿನ ಋಣ ಎಂದರೆ ಅವಳಿಗೆ ಹೇಗೆ ಬಿಡಿಸಿ ಹೇಳುವುದು?

ಐದು ವಾರದ ಮೇಲೆ ಎರಡು ತಂಡಗಳಿಗೂ ಪಂದ್ಯ ಬಿತ್ತು. ಸುತ್ತಿನೊಳಗೆ ನಾನು, ಎದುರಿಗೆ ಬ್ಯಾಟು ಹಿಡಿದು ಶ್ರೀಧರ. ನನ್ನ ಎಸೆತದ ಒಳಗುಟ್ಟೆಲ್ಲ ಬಲ್ಲ ಮನುಷ್ಯ. ಅವರ ದೌರ್ಬಲ್ಯವೆಲ್ಲ ಬಲ್ಲ ನಾನು. ಎಲ್ಲರೂ ಕಾಯುತ್ತಿದ್ದರು. ಆ ಎರಡು ಕ್ಷಣವನ್ನು ನಾನು ನಾಲ್ಕು ಮಾಡಿದೆ. ಎಸೆದೆ. ಅವರು ಬೀಸಿದರು, ಚೆಂಡು ನೆಟ್ಟಗೆ ಮೇಲಕ್ಕೆ ಹೋಗಿ, ಅಲ್ಲೊಂದಿಷ್ಟು ಹೊತ್ತು ಇದ್ದು, ಕೆಳಗಿಳಿದು, ನನ್ನ ಎಣ್ಣೆಜಿಡ್ಡಿನ ಗ್ಲೌಸಿನೊಳಕ್ಕೇ ಬಂದು ಕೂತಿತು.

“ಅಕ್ಕಾರ, ಮನ್ಯಾಗ ಉಣ್ಣಿಸಿ ಮೈದಾನದಾಗ ಔಟ್ ಮಾಡ್ತೀರಲ್ರೀ!” ಎಂದು ಪ್ರಕಾಶ ಬೇಲಿಯಿಂದ ಕೂಗಿದ. ನಮ್ಮವರು ಬ್ಯಾಟು ಕಂಕುಳಲ್ಲಿಟ್ಟುಕೊಂಡು ಗಂಭೀರವಾಗಿ ಚಪ್ಪಾಳೆ ತಟ್ಟಿದರು.

ಮಾರನೆಯ ಬೆಳಿಗ್ಗೆ ಅಡುಗೆಮನೆಗೆ ಬಂದರೆ ಗ್ಲೌಸು ಮೊಳೆಯ ಮೇಲಿತ್ತು, ಅದರ ಕೆಳಗೆ ನೆಲದ ಮೇಲೆ ಎಣ್ಣೆಯ ಒಂದು ಪುಟ್ಟ ಕೆರೆ. ನಮ್ಮವರು ನನಗಿಂತ ಮೊದಲೇ ಎದ್ದು ಅದಕ್ಕೆ ಎಣ್ಣೆ ಹಚ್ಚಿದ್ದರು. ಅರ್ಧ ಶೀಶೆ ಸುರಿದಿದ್ದರು ಎನ್ನಬೇಕು. ಈಗ ಏನೂ ಅರಿಯದವರ ಹಾಗೆ ಒಲೆಯ ಮುಂದೆ ನಿಂತು ಕಾಫಿಗೆ ಹಾಲು ಕಾಯಿಸುತ್ತಿದ್ದರು. ನಾನು ಗ್ಲೌಸನ್ನು ಇಳಿಸಿ, ಹೆಚ್ಚಾದ ಎಣ್ಣೆಯನ್ನು ಅಂಗೈಯಲ್ಲಿ ಬಳಿದು ತೆಗೆದು, ನನ್ನ ತಲೆಗೆ ಸವರಿಕೊಂಡೆ.

“ಒಪ್ಪಿಗೆ” ಎಂದೆ.

“ಯಾವುದಕ್ಕೆ?”

“ಅದೇ. ಪಾತ್ರೆ ತೊಳೀತಾ ಕೇಳಿದ್ರಲ್ಲ, ಅದಕ್ಕೆ.”

ಅವರು ನನ್ನನ್ನೇ ನೋಡುತ್ತ ನಿಂತರು, ಅವರ ಹಿಂದೆ ಹಾಲು ಉಕ್ಕಿ ಹರಿಯಿತು.